ಯೂರಿಯಾ ಚೀಲದ ಹಿಂದಿರುವ ಅರೆ ಉರಿ

ಯೂರಿಯಾ ಬಳಸದ ಬೇಸಾಯಗಾರರು ಇಂದು ನಮ್ಮ ನಾಡಿನಲ್ಲಿ ಅಪರೂಪ. ಮಳೆ ಬಿದ್ದು ಪೈರು ತೆಂಡೆಯೊಡೆಯುವ ಹೊತ್ತಿಗೆ ಸಹಕಾರ ಸಂಘದ ಬಾಗಿಲಲ್ಲಿ ಈ ಗೊಬ್ಬರಕ್ಕಾಗಿ ಜನ ಸೇರುವುದನ್ನು ನಾವೆಲ್ಲ ನೋಡುತ್ತೇವೆ. ಯಾವ ಬೆಳೆಗೆ ಎಷ್ಟು ಚೀಲ ಬೇಕು ಎಂಬುದನ್ನು ಬಹುತೇಕ ರೈತರು ಬಾಯಲ್ಲೇ ಹೇಳಬಲ್ಲರು. ಆದರೆ ಆ ಬಿಳಿಯ ಹರಳು ಯಾವುದರಿಂದ ತಯಾರಾಯಿತು, ಅದಕ್ಕಾಗಿ ಏನನ್ನು ಸುಡಬೇಕಾಯಿತು ಎಂಬುದು ಎಲ್ಲರಿಗೂ ತಿಳಿದಿಲ್ಲ. ತಿಳಿದರೆ ಲಾಭವೇ ಹೆಚ್ಚು. ಯಾವ ವಸ್ತು ಎಷ್ಟು ಕಷ್ಟದಿಂದ ಬಂದಿದೆ ಎಂದು ಗೊತ್ತಿದ್ದವನು ಅದನ್ನು ನೀರಿಗೆ ಹಾಕುವುದಿಲ್ಲ.

ಒಂದೇ ಮಾತಿನಲ್ಲಿ ಹೇಳುವುದಾದರೆ, ಯೂರಿಯಾ ಎಂಬುದು ಅರ್ಧಕ್ಕೆ ತಡೆದ ಉರಿಯಿಂದ ಬಂದ ಗೊಬ್ಬರ. ನೆಲದಾಳದಿಂದ ತೆಗೆದ ನೈಸರ್ಗಿಕ ಅನಿಲವನ್ನು ಪೂರ್ತಿ ಉರಿಯಲು ಬಿಡದೆ, ನಡುವೆಯೇ ಉರಿಯನ್ನು ತಡೆದು, ಅದರಿಂದ ಸಿಗುವ ಅನಿಲವನ್ನು ಗೊಬ್ಬರವಾಗಿ ಮಾರ್ಪಡಿಸುತ್ತಾರೆ. ಈ ಅರೆ ಉರಿಯ ವಿಚಾರವನ್ನೇ ಈ ಲೇಖನದಲ್ಲಿ ವಿವರಿಸಲಾಗಿದೆ.

ಚೀಲದಲ್ಲಿರುವುದು ಏನು?

ಯೂರಿಯಾದಲ್ಲಿ ಶೇಕಡ 46 ರಷ್ಟು ಸಾರಜನಕವಿದೆ. ಈಗ ಮಾರಾಟವಾಗುವ 45 ಕೆ.ಜಿ. ಚೀಲದಲ್ಲಿ ಸುಮಾರು 20.7 ಕೆ.ಜಿ. ಸಾರಜನಕ ಇರುತ್ತದೆ. ಈ ಸಾರಜನಕ ಎಲ್ಲಿಂದ ಬಂತು? ನಾವು ಉಸಿರಾಡುವ ಗಾಳಿಯಿಂದಲೇ ಬಂತು. ಗಾಳಿಯ ಪರಿಮಾಣದಲ್ಲಿ ಶೇಕಡ 78 ಭಾಗ ಸಾರಜನಕ, ಶೇಕಡ 21 ಭಾಗ ಆಮ್ಲಜನಕ. ನಿಮ್ಮ ಒಂದು ಎಕರೆ ಹೊಲದ ಮೇಲೆ ಆಕಾಶದವರೆಗೆ ನಿಂತಿರುವ ಗಾಳಿಯನ್ನು ತೂಗಿದರೆ ಅದರಲ್ಲಿ 30,000 ಟನ್ನಿಗೂ ಹೆಚ್ಚು ಸಾರಜನಕವಿದೆ. ಆದರೂ ಪೈರು ಸಾರಜನಕವಿಲ್ಲದೆ ಹಳದಿಯಾಗುತ್ತದೆ. ಕಾರಣವೇನೆಂದರೆ, ಗಾಳಿಯಲ್ಲಿರುವ ಸಾರಜನಕದ ಪರಮಾಣುಗಳು ಎರಡೆರಡಾಗಿ ಬಲವಾಗಿ ಅಂಟಿಕೊಂಡಿವೆ. ಆ ಜೋಡಿಯನ್ನು ಬಿಡಿಸಿ ಬೇರೊಂದು ವಸ್ತುವಿನೊಡನೆ ಕೂಡಿಸಿದ ಹೊರತು ಬೇರುಗಳು ಅದನ್ನು ಹೀರಲಾರವು.

ಜರ್ಮನಿಯ ಫ್ರಿಟ್ಜ್ ಹಾಬರ್ ಎಂಬ ವಿಜ್ಞಾನಿ 1909 ರಲ್ಲಿ ಸಾರಜನಕವನ್ನೂ ಜಲಜನಕವನ್ನೂ ಅಧಿಕ ಒತ್ತಡದಲ್ಲಿ ಕೂಡಿಸಿ ಅಮೋನಿಯಾ ತಯಾರಿಸಿ ತೋರಿಸಿದರು. ಕಾರ್ಲ್ ಬಾಷ್ ಇದನ್ನು ಕಾರ್ಖಾನೆಯ ಮಟ್ಟಕ್ಕೆ ತಂದರು. 1913 ರಲ್ಲಿ ಜರ್ಮನಿಯ ಓಪ್ಪೌ ಎಂಬಲ್ಲಿ ಮೊದಲ ಅಮೋನಿಯಾ ಕಾರ್ಖಾನೆ ಕೆಲಸ ಆರಂಭಿಸಿತು. ಅಮೋನಿಯಾವನ್ನು ಇಂಗಾಲದ ಡೈಆಕ್ಸೈಡಿನೊಡನೆ ಸೇರಿಸಿದರೆ ಯೂರಿಯಾ ಆಗುತ್ತದೆ.

ಇಲ್ಲಿ ಒಂದು ಅಂಶವನ್ನು ಗಮನಿಸಿರಿ. ಸಾರಜನಕ ಗಾಳಿಯಲ್ಲಿ ಪುಕ್ಕಟೆಯಾಗಿ ಸಿಗುತ್ತದೆ. ಬೆಲೆ ಕೊಟ್ಟು ಪಡೆಯಬೇಕಾದುದು ಜಲಜನಕ. ಅದು ಗಾಳಿಯಲ್ಲಿ ಬಿಡಿಯಾಗಿ ಇಲ್ಲವೆಂದೇ ಹೇಳಬಹುದು. ನೀರಿನಲ್ಲಿ ಆಮ್ಲಜನಕದೊಡನೆ, ನೈಸರ್ಗಿಕ ಅನಿಲದಲ್ಲಿ ಇಂಗಾಲದೊಡನೆ ಅದು ಕೂಡಿಕೊಂಡಿದೆ. ಅದನ್ನು ಬಿಡಿಸಿ ತೆಗೆಯುವುದೇ ರಸಗೊಬ್ಬರ ಕಾರ್ಖಾನೆಯ ದೊಡ್ಡ ಕೆಲಸ, ದೊಡ್ಡ ಖರ್ಚು.

ಅರೆ ಉರಿ ಎಂದರೇನು?

ಉರಿಯ ಗುಣ ನಿಮಗೆ ಹೊಸದಲ್ಲ. ಒಲೆಗೆ ಗಾಳಿ ಚೆನ್ನಾಗಿ ಆಡಿದರೆ ಸೌದೆ ಧಗಧಗಿಸಿ ಉರಿದು ಬೂದಿಯಾಗುತ್ತದೆ. ಗಾಳಿ ಸಾಲದಿದ್ದರೆ ಹೊಗೆಯಾಡುತ್ತದೆ, ಪಾತ್ರೆಯ ತಳ ಕಪ್ಪಾಗುತ್ತದೆ. ಆ ದಟ್ಟ ಹೊಗೆಗೆ ಕಡ್ಡಿ ಗೀರಿದರೆ ಕೆಲವೊಮ್ಮೆ ಅದೇ ಭಗ್ಗನೆ ಹೊತ್ತಿಕೊಳ್ಳುವುದನ್ನೂ ನೀವು ಕಂಡಿರಬಹುದು. ಅಂದರೆ ಹೊಗೆಯಲ್ಲಿ ಇನ್ನೂ ಉರಿಯಬಲ್ಲ ಅನಿಲ ಉಳಿದಿದೆ ಎಂದಾಯಿತು. ಇದ್ದಿಲು ಸುಡುವವರು ಗುಂಡಿಯನ್ನು ಮಣ್ಣಿನಿಂದ ಮುಚ್ಚಿ ಗಾಳಿಯನ್ನು ಹತೋಟಿಯಲ್ಲಿಡುವುದೂ ಈ ಗುಣವನ್ನು ಅರಿತೇ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿನ ಅಭಾವ ಉಂಟಾದಾಗ ಬಸ್ಸುಗಳ ಹಿಂಭಾಗಕ್ಕೆ ಇದ್ದಿಲಿನ ಉರುಳೆಯನ್ನು ಜೋಡಿಸಿ ಓಡಿಸುತ್ತಿದ್ದ ಸಂಗತಿಯನ್ನು ಹಿರಿಯರಿಂದ ಕೇಳಿರುತ್ತೀರಿ. ಆ ಉರುಳೆಯಲ್ಲಿ ಇದ್ದಿಲು ಅರೆ ಉರಿದು ಹೊರಟ ಅನಿಲವೇ ಎಂಜಿನ್ನಿಗೆ ಆಹಾರ. 1988 ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಕಟ್ಟಿಗೆಯ ತುಂಡುಗಳನ್ನು ಇದೇ ರೀತಿ ಅರೆ ಉರಿಸಿ, ಆ ಅನಿಲದಿಂದ ಎಂಜಿನ್ ನಡೆಸಿ ಊರಿಗೆ ವಿದ್ಯುತ್ ದೀಪ ಒದಗಿಸಿದರು.

ನೈಸರ್ಗಿಕ ಅನಿಲಕ್ಕೂ ಇದೇ ನಿಯಮ. ಅದರ ಮುಖ್ಯ ಭಾಗ ಮೀಥೇನ್. ನಿಮ್ಮ ಹಿತ್ತಿಲಿನ ಗೋಬರ್ ಗ್ಯಾಸಿನಲ್ಲಿ ಉರಿಯುವುದೂ ಇದೇ ಮೀಥೇನ್. ಇದರ ಒಂದೊಂದು ಅಣುವಿನಲ್ಲಿ ಒಂದು ಇಂಗಾಲ, ನಾಲ್ಕು ಜಲಜನಕದ ಪರಮಾಣುಗಳಿವೆ. ಸಾಕಷ್ಟು ಗಾಳಿ ಕೊಟ್ಟು ಉರಿಸಿದರೆ ಇಂಗಾಲವೆಲ್ಲ ಡೈಆಕ್ಸೈಡ್ ಆಗುತ್ತದೆ, ಜಲಜನಕವೆಲ್ಲ ನೀರಾವಿಯಾಗುತ್ತದೆ. ಅಡಿಗೆಗೆ ಇದೇ ಸರಿ. ಗೊಬ್ಬರಕ್ಕೆ ಇದರಿಂದ ಉಪಯೋಗವಿಲ್ಲ, ಏಕೆಂದರೆ ನಮಗೆ ಬೇಕಾದ ಜಲಜನಕವೇ ಸುಟ್ಟು ನೀರಾಗಿ ಹೋಯಿತು.

ಹಾಗಾದರೆ ಪೂರ್ತಿ ಉರಿಗೆ ಬೇಕಾದ ಆಮ್ಲಜನಕದಲ್ಲಿ ಕಾಲು ಪಾಲನ್ನು ಮಾತ್ರ ಕೊಟ್ಟರೆ ಏನಾಗುವುದು? ಲೆಕ್ಕದ ಪ್ರಕಾರ ಆ ಆಮ್ಲಜನಕ ಇಂಗಾಲವನ್ನು ಹಿಡಿಯುವುದಕ್ಕೇ ಸರಿಹೋಗುತ್ತದೆ. ಅದೂ ಅರ್ಧಂಬರ್ಧ ಹಿಡಿದು ಇಂಗಾಲದ ಮಾನಾಕ್ಸೈಡ್ ಆಗುತ್ತದೆ. ಜಲಜನಕ ಸುಡದೆ ಬಿಡಿಯಾಗಿ ಉಳಿಯುತ್ತದೆ. ಒಂದು ಪಾಲು ಮಾನಾಕ್ಸೈಡಿಗೆ ಎರಡು ಪಾಲು ಜಲಜನಕ ಬೆರೆತ ಈ ಮಿಶ್ರಣಕ್ಕೆ ಸಂಶ್ಲೇಷಣಾ ಅನಿಲ ಅಥವಾ ಸಿನ್‌ಗ್ಯಾಸ್ ಎಂದು ಹೆಸರು. ಸಂಶ್ಲೇಷಣೆ ಎಂದರೆ ಕೂಡಿಸಿ ಕಟ್ಟುವುದು. ಗೊಬ್ಬರ, ಮೆಥನಾಲ್, ಡೀಸೆಲ್, ಮೇಣ ಮೊದಲಾದ ಹಲವು ವಸ್ತುಗಳನ್ನು ಇದರಿಂದ ಕಟ್ಟಬಹುದಾದುದರಿಂದ ಈ ಹೆಸರು ಬಂದಿದೆ. ಶಾಸ್ತ್ರದಲ್ಲಿ ಈ ಕ್ರಿಯೆಯನ್ನು ಭಾಗಶಃ ಉತ್ಕರ್ಷಣ ಎನ್ನುತ್ತಾರೆ. ನಾವು ಅರೆ ಉರಿ ಎಂದರೆ ಸಾಕು.

ಇದರ ವಿಶೇಷವೆಂದರೆ, ಅರೆ ಉರಿಯಲ್ಲಿ ಹೊರಬೀಳುವ ಶಾಖವು ಪೂರ್ತಿ ಉರಿಯ ಶಾಖದಲ್ಲಿ ಇಪ್ಪತ್ತನೇ ಒಂದು ಪಾಲಿಗಿಂತಲೂ ಕಡಿಮೆ. ಉಳಿದ ಶಕ್ತಿಯೆಲ್ಲ ಸಿನ್‌ಗ್ಯಾಸಿನಲ್ಲಿಯೇ ಅಡಗಿ, ಮುಂದಿನ ಕೆಲಸಕ್ಕೆ ಒದಗುತ್ತದೆ.

ಕಾರ್ಖಾನೆಯಲ್ಲಿ ನಡೆಯುವ ಕೆಲಸ

ಈಗಿನ ಯೂರಿಯಾ ಕಾರ್ಖಾನೆಗಳಲ್ಲಿ ಜಲಜನಕವನ್ನು ಸಾಮಾನ್ಯವಾಗಿ ಎರಡು ಹಂತಗಳಲ್ಲಿ ಬಿಡಿಸುತ್ತಾರೆ. ಮೊದಲು ಅನಿಲದಲ್ಲಿರುವ ಗಂಧಕವನ್ನು ತೆಗೆದು ಶುದ್ಧಿ ಮಾಡುತ್ತಾರೆ. ಅನಂತರ ಅದಕ್ಕೆ ನೀರಿನ ಹಬೆ ಬೆರೆಸಿ, ನಿಕಲ್ ವೇಗವರ್ಧಕ ತುಂಬಿದ ಕೊಳವೆಗಳ ಮೂಲಕ ಹಾಯಿಸುತ್ತಾರೆ. ಕೊಳವೆಗಳ ಹೊರಗೆ ದೊಡ್ಡ ಕುಲುಮೆ ಉರಿಯುತ್ತಿರುತ್ತದೆ. ಸುಮಾರು 800 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಹಬೆಯೂ ಮೀಥೇನೂ ಕೂಡಿ ಮಾನಾಕ್ಸೈಡ್ ಮತ್ತು ಜಲಜನಕವಾಗುತ್ತವೆ. ಇಲ್ಲಿ ನೀರಿನಲ್ಲಿದ್ದ ಜಲಜನಕವೂ ಲಾಭಕ್ಕೆ ಬರುತ್ತದೆ. ಆದರೆ ಈ ಕ್ರಿಯೆ ಶಾಖವನ್ನು ನುಂಗುವಂಥದು. ಹೊರಗಿನಿಂದ ಸತತವಾಗಿ ಬೆಂಕಿ ಕೊಡಲೇಬೇಕು. ಇಷ್ಟಾದರೂ ಹೊರಬರುವ ಅನಿಲದಲ್ಲಿ ಶೇಕಡ 10 ರ ಆಸುಪಾಸಿನಲ್ಲಿ ಮೀಥೇನ್ ಉಳಿದಿರುತ್ತದೆ.

ಅರೆ ಉರಿಯ ಪಾತ್ರ ಬರುವುದು ಎರಡನೆಯ ಹಂತದಲ್ಲಿ. ಶಾಖ ತಡೆಯುವ ಇಟ್ಟಿಗೆ ಹೊದಿಸಿದ ದೊಡ್ಡ ಉಕ್ಕಿನ ಪಾತ್ರೆಯೊಳಕ್ಕೆ ಈ ಬಿಸಿ ಅನಿಲವನ್ನು ಬಿಟ್ಟು, ಅದಕ್ಕೆ ಅಳತೆಯ ಗಾಳಿಯನ್ನು ಒತ್ತಿ ಸೇರಿಸುತ್ತಾರೆ. ಗಾಳಿಯಲ್ಲಿರುವ ಆಮ್ಲಜನಕ ಕೂಡಲೇ ಅನಿಲದ ಒಂದು ಭಾಗವನ್ನು ಉರಿಸುತ್ತದೆ. ಶಾಖ 1,000 ಡಿಗ್ರಿಯನ್ನೂ ಮೀರುತ್ತದೆ. ಆ ಶಾಖದ ಬಲದಿಂದ ಉಳಿದ ಮೀಥೇನ್ ಬಹುಮಟ್ಟಿಗೆ ಒಡೆದು ಹೋಗುತ್ತದೆ. ಇಲ್ಲಿ ಹೊರಗಿನ ಬೆಂಕಿ ಬೇಡ. ಅನಿಲ ತನ್ನ ಉರಿಯಿಂದಲೇ ತಾನು ಬಿಸಿಯಾಗುತ್ತದೆ.

ಇದೇ ಗಾಳಿಯಿಂದ ಇನ್ನೊಂದು ಕೆಲಸವೂ ಆಗುತ್ತದೆ. ಆಮ್ಲಜನಕ ಉರಿದು ಮುಗಿದ ಮೇಲೆ ಗಾಳಿಯಲ್ಲಿದ್ದ ಸಾರಜನಕ ಹಾಗೆಯೇ ಉಳಿಯುತ್ತದೆ. ಅಮೋನಿಯಾಕ್ಕೆ ಬೇಕಾದ ಸಾರಜನಕ ಇದೇ. ನಿಮ್ಮ ಚೀಲದ ಸಾರಜನಕ ಗಾಳಿಯಿಂದ ಕಾರ್ಖಾನೆಯೊಳಕ್ಕೆ ಕಾಲಿಡುವ ಬಾಗಿಲು ಈ ಅರೆ ಉರಿಯ ಪಾತ್ರೆ. ಅಮೋನಿಯಾ ಆಗಲು ಮೂರು ಪಾಲು ಜಲಜನಕಕ್ಕೆ ಒಂದು ಪಾಲು ಸಾರಜನಕ ಬೇಕು. ಗಾಳಿ ಹೆಚ್ಚಾದರೆ ಬೇಕಾದ ಜಲಜನಕವೂ ಉರಿದು ನೀರಾಗುತ್ತದೆ, ಸಾರಜನಕದ ಪ್ರಮಾಣವೂ ಕೆಡುತ್ತದೆ. ಕಡಿಮೆಯಾದರೆ ಮೀಥೇನ್ ಒಡೆಯದೆ ಉಳಿಯುತ್ತದೆ. ಆಲೆಮನೆಯಲ್ಲಿ ಕೊಪ್ಪರಿಗೆಯ ಪಾಕಕ್ಕೆ ಹದ ನೋಡಿ ಉರಿ ತಗ್ಗಿಸುವ ಜಾಣ್ಮೆ ಹೇಗೋ, ಇಲ್ಲಿ ಗಾಳಿಯ ಹದವೂ ಹಾಗೆಯೇ.

ಮುಂದೆ ಮಾನಾಕ್ಸೈಡಿಗೆ ಮತ್ತೆ ಹಬೆ ಕೊಟ್ಟು ಇನ್ನಷ್ಟು ಜಲಜನಕ ಪಡೆಯುತ್ತಾರೆ. ಆಗ ಹುಟ್ಟುವ ಡೈಆಕ್ಸೈಡನ್ನು ದ್ರಾವಣದಲ್ಲಿ ತೊಳೆದು ಬೇರೆ ಇಡುತ್ತಾರೆ. ಉಳಿದ ಜಲಜನಕ ಮತ್ತು ಸಾರಜನಕಗಳನ್ನು ನೂರಾರು ಪಟ್ಟು ವಾಯುಭಾರದಷ್ಟು ಒತ್ತಿ, ಕಬ್ಬಿಣದ ವೇಗವರ್ಧಕದ ಮೇಲೆ ಹಾಯಿಸಿದಾಗ ಅಮೋನಿಯಾ ದೊರೆಯುತ್ತದೆ. ಬೇರೆ ಇಟ್ಟಿದ್ದ ಡೈಆಕ್ಸೈಡನ್ನು ಅದಕ್ಕೆ ಕೂಡಿಸಿದರೆ ಯೂರಿಯಾ ಸಿದ್ಧ. ಹೀಗೆ ಅನಿಲದ ಜಲಜನಕವೂ ಇಂಗಾಲವೂ ಎರಡೂ ನಿಮ್ಮ ಚೀಲಕ್ಕೆ ಬರುತ್ತವೆ. ಇಂಗಾಲ ಮಾತ್ರ ಹೊಲದಲ್ಲಿ ಹೆಚ್ಚು ದಿನ ನಿಲ್ಲುವುದಿಲ್ಲ. ಮಣ್ಣಿನಲ್ಲಿರುವ ಯೂರಿಯೇಸ್ ಎಂಬ ಕಿಣ್ವ ಯೂರಿಯಾವನ್ನು ಒಡೆದಾಗ ಅದು ಪುನಃ ಡೈಆಕ್ಸೈಡಾಗಿ ಬಿಡುಗಡೆಯಾಗುತ್ತದೆ.

ಬರಿಯ ಆಮ್ಲಜನಕದಿಂದ ಅರೆ ಉರಿ

ಹಬೆಯ ಹಂತವನ್ನೇ ಬಿಟ್ಟು, ಗಾಳಿಯ ಬದಲು ಶುದ್ಧ ಆಮ್ಲಜನಕ ಕೊಟ್ಟು, ಪೂರ್ತಿಯಾಗಿ ಅರೆ ಉರಿಯಿಂದಲೇ ಸಿನ್‌ಗ್ಯಾಸ್ ಮಾಡುವ ಪದ್ಧತಿಯೂ ಇದೆ. ಇದರಲ್ಲಿ ಶಾಖ 1,200 ರಿಂದ 1,500 ಡಿಗ್ರಿಯವರೆಗೆ ಏರುತ್ತದೆ. ಅಷ್ಟು ಶಾಖದಲ್ಲಿ ವೇಗವರ್ಧಕವೇ ಬೇಕಾಗುವುದಿಲ್ಲ. ಗಂಧಕ ತುಂಬಿದ ಕೀಳು ತೈಲವನ್ನೂ ಈ ಪಾತ್ರೆಗೆ ಹಾಕಬಹುದು.

ನಮ್ಮ ದೇಶದಲ್ಲಿ ಪಂಜಾಬಿನ ನಂಗಲ್ ಮತ್ತು ಭಟಿಂಡಾ, ಹರಿಯಾಣದ ಪಾಣಿಪತ್ ಕಾರ್ಖಾನೆಗಳು 1970 ರ ದಶಕದ ಕೊನೆಯಲ್ಲಿ ಈ ಪದ್ಧತಿಯನ್ನು ಅನುಸರಿಸಿದವು. ಅನಿಲದ ಕೊಳವೆ ಮಾರ್ಗ ಆಗ ಅಲ್ಲಿಗೆ ಇರಲಿಲ್ಲವಾದುದರಿಂದ ಸಂಸ್ಕರಣಾಗಾರಗಳ ಭಾರವಾದ ಉರುವಲು ತೈಲವನ್ನೇ ಅರೆ ಉರಿಸಿ ಯೂರಿಯಾ ತಯಾರಿಸಲಾಯಿತು. ಒಡಿಶಾದ ತಾಲ್ಚೇರ್ ಮತ್ತು ಈಗಿನ ತೆಲಂಗಾಣದ ರಾಮಗುಂಡಂ ಕಾರ್ಖಾನೆಗಳು 1980 ರಿಂದ ಕಲ್ಲಿದ್ದಲನ್ನು ಅರೆ ಉರಿಸಿ ನೋಡಿದವು. ಕಲ್ಲಿದ್ದಲಿನ ದಾರಿ ಫಲಿಸಲಿಲ್ಲ. 1999 ರಲ್ಲಿ ಎರಡೂ ಕಡೆ ಉತ್ಪಾದನೆ ನಿಂತಿತು. ತೈಲದ ದಾರಿ ನಡೆಯಿತು, ಆದರೆ ಖರ್ಚು ಏರಿತು. ಉತ್ತರದ ಆ ಮೂರು ಕಾರ್ಖಾನೆಗಳನ್ನು 2013 ರಲ್ಲಿ ನೈಸರ್ಗಿಕ ಅನಿಲಕ್ಕೆ ಬದಲಾಯಿಸಲಾಯಿತು. ರಾಮಗುಂಡಂನಲ್ಲಿ ಹೊಸದಾಗಿ ಕಟ್ಟಿದ ಅನಿಲ ಆಧಾರಿತ ಕಾರ್ಖಾನೆ 2021 ರಲ್ಲಿ ಉತ್ಪಾದನೆ ಆರಂಭಿಸಿತು.

ನೈಸರ್ಗಿಕ ಅನಿಲವನ್ನೇ ಶುದ್ಧ ಆಮ್ಲಜನಕದಲ್ಲಿ ಅರೆ ಉರಿಸುವ ದೊಡ್ಡ ಕಾರ್ಖಾನೆಗಳು ಹೊರದೇಶದಲ್ಲಿವೆ. ಅಲ್ಲಿ ತಯಾರಾಗುವುದು ಗೊಬ್ಬರವಲ್ಲ, ಡೀಸೆಲ್ ಮತ್ತು ಮೇಣ. ಮಲೇಷ್ಯಾದ ಬಿಂಟುಲುವಿನಲ್ಲಿ ಷೆಲ್ ಕಂಪನಿಯ ಇಂಥ ಕಾರ್ಖಾನೆ 1993 ರಲ್ಲಿ ಆರಂಭವಾಯಿತು. ಅದೇ ಕಂಪನಿಯವರು ಖತಾರಿನ ರಾಸ್ ಲಫಾನ್‌ನಲ್ಲಿ ದಿನಕ್ಕೆ 1,40,000 ಪೀಪಾಯಿ ತಯಾರಿಸಬಲ್ಲ ಇನ್ನೂ ದೊಡ್ಡ ಕಾರ್ಖಾನೆಯನ್ನು ಕಟ್ಟಿ 2011 ರಲ್ಲಿ ಉತ್ಪಾದನೆ ಆರಂಭಿಸಿದರು.

ಬಿಂಟುಲುವಿನಲ್ಲಿ ನಡೆದ ಒಂದು ಸಂಗತಿಯನ್ನು ರೈತರಾದ ನಾವು ತಿಳಿಯಬೇಕು. 1997 ರಲ್ಲಿ ಮಳೆ ಕೈಕೊಟ್ಟಿತ್ತು. ಇಂಡೋನೇಷ್ಯಾದಲ್ಲಿ ಸಾಗುವಳಿಗೆಂದು ಕಾಡು ಕಡಿದು ಹಚ್ಚಿದ ಬೆಂಕಿ ಹತೋಟಿ ಮೀರಿ ತಿಂಗಳುಗಟ್ಟಲೆ ಉರಿಯಿತು. ಆ ಹೊಗೆ ನೆರೆಯ ದೇಶಗಳನ್ನೂ ಮುಸುಕಿತು. ಬಿಂಟುಲು ಕಾರ್ಖಾನೆಯಲ್ಲಿ ಗಾಳಿಯನ್ನು ತಂಪಾಗಿಸಿ ದ್ರವ ಮಾಡಿ ಅದರಿಂದ ಆಮ್ಲಜನಕ ಬೇರ್ಪಡಿಸುವ ಘಟಕವಿತ್ತು. ಹೊಗೆಯ ಅತಿ ಸೂಕ್ಷ್ಮ ಕಣಗಳು ಆ ಘಟಕದೊಳಗೆ ದ್ರವ ಆಮ್ಲಜನಕದಲ್ಲಿ ಸಂಗ್ರಹವಾಗುತ್ತ ಬಂದವು. 1997 ರ ಡಿಸೆಂಬರ್ 25 ರಂದು ಘಟಕ ಸ್ಫೋಟಗೊಂಡಿತು. ಸಂಗ್ರಹವಾದ ಕಣಗಳು ಹೊತ್ತಿ, ಆ ಉರಿ ಒಳಗಿನ ಅಲ್ಯೂಮಿನಿಯಂ ಭಾಗಗಳಿಗೂ ಹತ್ತಿದುದೇ ಕಾರಣವೆಂದು ತನಿಖೆಯಿಂದ ತಿಳಿಯಿತು. ಕಾರ್ಖಾನೆ ಪುನಃ ನಡೆದದ್ದು 2000 ದಲ್ಲಿ. ಹೊಲಗಾಡಿನಲ್ಲಿ ಹಚ್ಚಿದ ಬೆಂಕಿಯ ಹೊಗೆ ಎಷ್ಟು ದೂರ ಹೋಗಿ ಏನನ್ನು ಕೆಡಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ನಮ್ಮ ಪಣಂಬೂರು

ಕರ್ನಾಟಕದಲ್ಲಿ ಯೂರಿಯಾ ತಯಾರಾಗುವ ಸ್ಥಳ ಒಂದೇ. ಅದು ಮಂಗಳೂರಿನ ಬಳಿಯ ಪಣಂಬೂರು. ಮಂಗಳೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ಹೆಸರಿನಲ್ಲಿ ಈ ಕಾರ್ಖಾನೆ 1976 ರಲ್ಲಿ ಉತ್ಪಾದನೆಗೆ ಇಳಿಯಿತು. ಅನಿಲ ಸಿಗದ ಕಾರಣ ಇಲ್ಲಿ ದೀರ್ಘಕಾಲ ನಾಫ್ತಾ ಎಂಬ ತೆಳುವಾದ ತೈಲವನ್ನು ಬಳಸಲಾಗುತ್ತಿತ್ತು. ನಾಫ್ತಾ ದುಬಾರಿಯಾದುದು. ಕೇರಳದ ಕೊಚ್ಚಿಯಿಂದ ಮಂಗಳೂರಿಗೆ ಸುಮಾರು 450 ಕಿ.ಮೀ. ಉದ್ದದ ಅನಿಲ ಕೊಳವೆ ಮಾರ್ಗ ಬಂದ ಮೇಲೆ, 2020 ರ ಕೊನೆಯಲ್ಲಿ ಕಾರ್ಖಾನೆ ನೈಸರ್ಗಿಕ ಅನಿಲಕ್ಕೆ ಬದಲಾಯಿತು. ಕೊಳವೆ ಮಾರ್ಗವನ್ನು 2021 ರ ಜನವರಿ 5 ರಂದು ದೇಶಕ್ಕೆ ಸಮರ್ಪಿಸಲಾಯಿತು.

ಕೊಚ್ಚಿಗೆ ಅನಿಲ ಬರುವುದು ಹಡಗಿನಲ್ಲಿ. ಅನಿಲವನ್ನು ಸೊನ್ನೆಗಿಂತ 162 ಡಿಗ್ರಿ ಕೆಳಗೆ ತಂಪಾಗಿಸಿದರೆ ಅದು ದ್ರವವಾಗಿ, ಸುಮಾರು ಆರುನೂರನೇ ಒಂದು ಪಾಲು ಜಾಗದಲ್ಲಿ ಹಿಡಿಯುತ್ತದೆ. ಹೀಗೆ ಬಂದ ದ್ರವವನ್ನು ಮತ್ತೆ ಅನಿಲ ಮಾಡಿ ಕೊಳವೆಗೆ ಬಿಡುತ್ತಾರೆ. ನಮ್ಮ ದೇಶದ ಯೂರಿಯಾ ಕಾರ್ಖಾನೆಗಳು ಬಳಸುವ ಅನಿಲದ ಬಹುಪಾಲು ಹೀಗೆ ಹೊರದೇಶಗಳಿಂದಲೇ ಬರುತ್ತಿದೆ. 2022 ರಲ್ಲಿ ಉಕ್ರೇನಿನಲ್ಲಿ ಯುದ್ಧ ಆರಂಭವಾದಾಗ ಅನಿಲದ ಬೆಲೆಯೊಡನೆ ಯೂರಿಯಾದ ಬೆಲೆಯೂ ಜಗತ್ತಿನ ಮಾರುಕಟ್ಟೆಯಲ್ಲಿ ಏರಿದ್ದು ಇದೇ ಕಾರಣದಿಂದ.

ಒಂದು ಚೀಲಕ್ಕೆ ಎಷ್ಟು ಉರಿ?

ನಮ್ಮ ಕಾರ್ಖಾನೆಗಳಲ್ಲಿ ಒಂದು ಟನ್ ಯೂರಿಯಾ ತಯಾರಿಕೆಗೆ ಸುಮಾರು 55 ರಿಂದ 60 ಲಕ್ಷ ಕಿಲೋಕ್ಯಾಲೊರಿ ಶಕ್ತಿ ವೆಚ್ಚವಾಗುತ್ತದೆ. ಈ ಲೆಕ್ಕದಲ್ಲಿ 45 ಕೆ.ಜಿ. ಚೀಲವೊಂದಕ್ಕೆ ತಗಲುವುದು ಎರಡೂವರೆ ಲಕ್ಷ ಕಿಲೋಕ್ಯಾಲೊರಿಯಷ್ಟು. ನಿಮ್ಮ ಮನೆಯ 14.2 ಕೆ.ಜಿ. ಅಡಿಗೆ ಅನಿಲದ ಸಿಲಿಂಡರಿಗೆ ಹೋಲಿಸಿದರೆ, ಒಂದು ಚೀಲ ಯೂರಿಯಾದ ಹಿಂದೆ ಸುಮಾರು ಒಂದೂವರೆ ಸಿಲಿಂಡರಿನಷ್ಟು ಉರಿ ಇದೆ.

ಇನ್ನು ಹೊಲದ ಲೆಕ್ಕ ನೋಡೋಣ. ನೀರು ನಿಂತ ಬತ್ತದ ಗದ್ದೆಗೆ ಎರಚಿದ ಯೂರಿಯಾದಲ್ಲಿ ಬೆಳೆಗೆ ದಕ್ಕುವ ಸಾರಜನಕ ಸಾಮಾನ್ಯವಾಗಿ ಶೇಕಡ 30 ರಿಂದ 40 ಮಾತ್ರ. ಉಳಿದುದರಲ್ಲಿ ಹೆಚ್ಚಿನ ಭಾಗ ಅಮೋನಿಯಾ ಆಗಿ ಗಾಳಿಗೆ ಏರುತ್ತದೆ, ನೈಟ್ರೇಟಾಗಿ ಬಸಿದು ಅಂತರ್ಜಲ ಸೇರುತ್ತದೆ, ಇಲ್ಲವೇ ಅನಿಲರೂಪದ ಸಾರಜನಕವಾಗಿ ಬಂದಲ್ಲಿಗೇ ಹಿಂತಿರುಗುತ್ತದೆ. ಅಷ್ಟು ದೂರದಿಂದ ಹಡಗಿನಲ್ಲಿ ತಂದು, ಅಷ್ಟು ಹದವರಿತು ಉರಿಸಿ ತಯಾರಿಸಿದ ಗೊಬ್ಬರದಲ್ಲಿ ಪ್ರತಿ ಚೀಲಕ್ಕೆ ಹೆಚ್ಚುಕಡಿಮೆ ಒಂದು ಸಿಲಿಂಡರಿನಷ್ಟು ಉರಿ ಬೆಳೆಗೆ ಸಿಗದೆ ಹೋದಂತಾಯಿತು.

ಚೀಲದ ಬೆಲೆ ಕಡಿಮೆ ಇರುವುದರಿಂದ ಈ ನಷ್ಟ ನಮ್ಮ ಕಣ್ಣಿಗೆ ಬೀಳುವುದಿಲ್ಲ. 2018 ರಲ್ಲಿ 45 ಕೆ.ಜಿ. ಚೀಲಕ್ಕೆ ಗೊತ್ತುಮಾಡಿದ ಬೆಲೆ, ಬೇವು ಲೇಪನದ ವೆಚ್ಚ ಮತ್ತು ತೆರಿಗೆಯನ್ನು ಬಿಟ್ಟು, 242 ರೂಪಾಯಿ. ತಯಾರಿಕೆಯ ನಿಜವಾದ ವೆಚ್ಚ ಇದರ ಹಲವು ಪಟ್ಟು. ವ್ಯತ್ಯಾಸವನ್ನು ಸರ್ಕಾರ ಸಹಾಯಧನವಾಗಿ ಭರಿಸುತ್ತದೆ. ಅದು ನಮ್ಮೆಲ್ಲರ ಹಣವೇ ಅಲ್ಲವೇ?

ಅರೆ ಉರಿಯ ವಿಷ

ಅರೆ ಉರಿಯ ಅನಿಲದ ಬಗ್ಗೆ ಹೇಳುವಾಗ ಒಂದು ಎಚ್ಚರಿಕೆಯನ್ನು ಮರೆಯಬಾರದು. ಕಾರ್ಖಾನೆಯ ಪಾತ್ರೆಯೊಳಗೆ ಗೊಬ್ಬರಕ್ಕೆ ದಾರಿ ಮಾಡುವ ಇಂಗಾಲದ ಮಾನಾಕ್ಸೈಡ್ ಮುಚ್ಚಿದ ಕೋಣೆಯಲ್ಲಿ ಪ್ರಾಣ ತೆಗೆಯುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಕೆಂಪು ಕಣಗಳನ್ನು ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ ಬಂದು ಅನಂತರ ಪ್ರಜ್ಞೆ ತಪ್ಪುತ್ತದೆ. ನಿದ್ರೆಯಲ್ಲಿದ್ದವರಿಗೆ ಯಾವುದೂ ತಿಳಿಯುವುದಿಲ್ಲ.

ಗಾಳಿ ಸಾಲದೆ ಉರಿಯುವ ಯಾವ ಬೆಂಕಿಯಿಂದಲೂ ಈ ಅನಿಲ ಹುಟ್ಟುತ್ತದೆ. ಚಳಿಗಾಲದಲ್ಲಿ ರೇಷ್ಮೆ ಹುಳು ಸಾಕುವ ಮನೆಯನ್ನು ಬೆಚ್ಚಗಿಡಲು ಇದ್ದಿಲ ಒಲೆ ಇಡುವ ರೂಢಿ ಹಲವು ಕಡೆ ಇದೆ. ಹಾಗೆ ಇಟ್ಟಾಗ ಬಾಗಿಲು ಕಿಟಕಿ ಪೂರ್ತಿ ಮುಚ್ಚಬಾರದು, ಆ ಕೋಣೆಯಲ್ಲಿ ಯಾರೂ ಮಲಗಬಾರದು. ಮಲೆನಾಡಿನಲ್ಲಿ ಮಲಗುವ ಕೋಣೆಗೆ ಕೆಂಡದ ಅಗ್ಗಿಷ್ಟಿಕೆ ಒಯ್ಯುವುದೂ ಅಪಾಯಕಾರಿ. ಡೀಸೆಲ್ ಅಥವಾ ಸೀಮೆಎಣ್ಣೆಯ ಪಂಪಿನ ಎಂಜಿನ್ನನ್ನು ಬಾವಿಯೊಳಗೆ ಇಳಿಸಿ ನಡೆಸುವುದು ಎಲ್ಲಕ್ಕಿಂತ ಅಪಾಯ. ಬಾವಿಯಲ್ಲಿ ಹೊಗೆ ನಿಲ್ಲುತ್ತದೆ. ಒಬ್ಬರು ಬಿದ್ದರೆಂದು ಇನ್ನೊಬ್ಬರು ಇಳಿದು, ಇಬ್ಬರೂ ಮೇಲೆ ಬಾರದಂತಾಗಬಹುದು.

ಬಾವಿಗೆ ದೀಪ ಇಳಿಸಿ ಪರೀಕ್ಷಿಸುವ ಪದ್ಧತಿ ಹಳೆಯದು. ದೀಪ ಆರಿದರೆ ಆಮ್ಲಜನಕ ಸಾಲದು ಎಂದು ತಿಳಿಯುತ್ತದೆ, ನಿಜ. ಆದರೆ ಮಾನಾಕ್ಸೈಡ್ ಪ್ರಾಣ ತೆಗೆಯುವಷ್ಟು ಇದ್ದರೂ ದೀಪ ಉರಿಯುತ್ತಲೇ ಇರಬಹುದು. ದೀಪವನ್ನು ನಂಬಿ ಇಳಿಯಬೇಡಿರಿ. ಯಾರಾದರೂ ಪ್ರಜ್ಞೆ ತಪ್ಪಿದ್ದರೆ ಮೊದಲು ಒಲೆ ಅಥವಾ ಎಂಜಿನ್ ನಿಲ್ಲಿಸಿ, ಬಾಗಿಲು ತೆರೆದು, ಅವರನ್ನು ಬಯಲಿಗೆ ತನ್ನಿರಿ. ಉಸಿರಾಟ ನಿಂತಿದ್ದರೆ ಕೃತಕ ಉಸಿರಾಟ ಕೊಡುತ್ತ, 108 ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸಿರಿ. ಬಾವಿಯಲ್ಲಿ ಬಿದ್ದವರಿದ್ದರೆ ಅಗ್ನಿಶಾಮಕ ದಳವನ್ನು ಕರೆಯುವುದೇ ಸರಿ.

ರೈತರು ಅನುಸರಿಸಬೇಕಾದ ಕ್ರಮಗಳು

ಕಾರ್ಖಾನೆಯವರು ಗಾಳಿಯ ಹದ ತಪ್ಪದಂತೆ ಕಾಯುತ್ತಾರೆ. ಗೊಬ್ಬರದ ಹದ ಕಾಯುವ ಕೆಲಸ ನಿಮ್ಮದು. ಇದಕ್ಕೆ ದೊಡ್ಡ ಖರ್ಚೇನೂ ಬೇಕಿಲ್ಲ.

1. ಮಣ್ಣು ಪರೀಕ್ಷೆ ಮಾಡಿಸಿ, ಶಿಫಾರಸಿಗೆ ತಕ್ಕಂತೆ ಲೆಕ್ಕ ಹಾಕಿರಿ. ಉದಾಹರಣೆಗೆ, ಖುಷ್ಕಿ ರಾಗಿಗೆ ಹೆಕ್ಟೇರಿಗೆ 50 ಕೆ.ಜಿ. ಸಾರಜನಕವೆಂದರೆ ಎಕರೆಗೆ 20 ಕೆ.ಜಿ. ಆಯಿತು. ಒಂದು ಚೀಲ ಯೂರಿಯಾದಲ್ಲಿ ಅಷ್ಟೂ ಇದೆ. ಎರಡನೆಯ ಚೀಲ ಬೇಕಿಲ್ಲ.

2. ಬೇರೆ ಗೊಬ್ಬರದಲ್ಲಿರುವ ಸಾರಜನಕವನ್ನು ಕಳೆಯಿರಿ. 50 ಕೆ.ಜಿ. ಡಿ.ಎ.ಪಿ. ಚೀಲದಲ್ಲಿ 9 ಕೆ.ಜಿ. ಸಾರಜನಕವಿದೆ. ಅದನ್ನು ಹಾಕಿದ್ದರೆ ಸುಮಾರು 20 ಕೆ.ಜಿ. ಯೂರಿಯಾ ಕಡಿಮೆ ಸಾಕು.

3. ಒಂದೇ ಸಲ ಸುರಿಯದೆ ಕಂತುಗಳಲ್ಲಿ ಕೊಡಿರಿ. ಬತ್ತಕ್ಕೆ ಅರ್ಧವನ್ನು ನಾಟಿಯ ಕಾಲದಲ್ಲಿ, ಉಳಿದುದನ್ನು ತೆಂಡೆಯೊಡೆಯುವಾಗ ಮತ್ತು ತೆನೆ ಮೂಡುವ ಹಂತದಲ್ಲಿ ಎರಡು ಪಾಲು ಮಾಡಿ ಕೊಡಬೇಕು.

4. ಗದ್ದೆಗೆ ಮೇಲುಗೊಬ್ಬರ ಕೊಡುವ ಮೊದಲು ನೀರು ಬಸಿದು, ಗೊಬ್ಬರ ಹಾಕಿ, ಒಂದೆರಡು ದಿನ ಬಿಟ್ಟು ನೀರು ನಿಲ್ಲಿಸಿರಿ. ಖುಷ್ಕಿ ಬೆಳೆಗೆ ಮಣ್ಣಿನಲ್ಲಿ ಹಸಿ ಇರುವಾಗ, ಸಾಲಿನ ಪಕ್ಕದಲ್ಲಿ ಹಾಕಿ ಮಣ್ಣು ಮುಚ್ಚಿರಿ. ಒಣ ನೆಲದ ಮೇಲೆ ಎರಚಿದರೆ ಅಮೋನಿಯಾ ಗಾಳಿಗೆ ಹಾರುತ್ತದೆ. ಭಾರಿ ಮಳೆಯ ಮುನ್ಸೂಚನೆ ಇದ್ದ ದಿನ ಹಾಕಬೇಡಿರಿ.

5. 2015 ರಿಂದ ದೇಶದ ಕಾರ್ಖಾನೆಗಳ ಯೂರಿಯಾಕ್ಕೆಲ್ಲ ಬೇವಿನ ಎಣ್ಣೆಯ ಲೇಪನ ಕಡ್ಡಾಯವಾಗಿದೆ. ಈ ಲೇಪನದಿಂದ ಸಾರಜನಕ ನಿಧಾನವಾಗಿ ದೊರೆಯುತ್ತದೆ. ಮೊದಲಿನಷ್ಟೇ ಕಡುಹಸಿರು ಕೂಡಲೇ ಕಾಣಲಿಲ್ಲವೆಂದು ಮತ್ತೆ ಮತ್ತೆ ಹಾಕುವುದು ಸಲ್ಲದು. ಸಾರಜನಕ ಹೆಚ್ಚಾದರೆ ಪೈರು ಮಲಗುತ್ತದೆ, ಕೀಟ ರೋಗಗಳೂ ಹೆಚ್ಚುತ್ತವೆ.

6. ಉರಿಯಿಲ್ಲದೆ ಸಾರಜನಕ ಕೊಡುವ ಮಿತ್ರರನ್ನು ಕೈಬಿಡಬೇಡಿರಿ. ತೊಗರಿ, ಅವರೆ, ಅಲಸಂದೆಗಳ ಬೇರಿನ ಗಂಟುಗಳಲ್ಲಿರುವ ರೈಜೋಬಿಯಂ ಜೀವಾಣುಗಳು ಗಾಳಿಯ ಸಾರಜನಕದ ಅದೇ ಜೋಡಿಯನ್ನು ಸಾವಿರ ಡಿಗ್ರಿಯ ಶಾಖವಿಲ್ಲದೆ, ನೆಲದ ತಂಪಿನಲ್ಲೇ ಬಿಡಿಸುತ್ತವೆ. ರಾಗಿಯಲ್ಲಿ ತೊಗರಿ, ಅವರೆಯ ಅಕ್ಕಡಿ ಹಾಕುವ ಪದ್ಧತಿ ನಮ್ಮ ಹಿರಿಯರದು. ಬಿತ್ತನೆಗೆ ಮೊದಲು ಬೀಜಕ್ಕೆ ರೈಜೋಬಿಯಂ ಲೇಪಿಸಿರಿ. ಗದ್ದೆಗೆ ಸೆಣಬು, ಡಯಾಂಚ, ಹೊಂಗೆ ಸೊಪ್ಪು, ಗೊಬ್ಬರದ ಗಿಡದ ಸೊಪ್ಪು ಸೇರಿಸಿರಿ.

7. ಗೋಬರ್ ಗ್ಯಾಸ್ ಸ್ಥಾವರವಿದ್ದವರು ಮೀಥೇನನ್ನು ಒಲೆಗೆ ಬಳಸಿ, ಹೊರಬರುವ ಬಗ್ಗಡವನ್ನು ಹೊಲಕ್ಕೆ ಹಾಕಿರಿ. ಸೆಗಣಿಯಲ್ಲಿದ್ದ ಸಾರಜನಕ ಬಗ್ಗಡದಲ್ಲಿ ಉಳಿದಿರುತ್ತದೆ. ಉರಿಯೂ ಸಿಕ್ಕಿತು, ಗೊಬ್ಬರವೂ ಸಿಕ್ಕಿತು.

8. ಕೂಳೆ, ಕಬ್ಬಿನ ರವದಿ, ಕಸಕಡ್ಡಿಗಳನ್ನು ಹೊಲದಲ್ಲಿ ಸುಡದೆ ಕಾಂಪೋಸ್ಟ್ ಮಾಡಿರಿ. ಸುಟ್ಟರೆ ಅದರಲ್ಲಿದ್ದ ಸಾರಜನಕ ಬಹುಮಟ್ಟಿಗೆ ಹೊಗೆಯೊಡನೆ ಹೋಗುತ್ತದೆ.

ಯೂರಿಯಾ ಬೇಡವೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಇಷ್ಟು ಜನಕ್ಕೆ ಅನ್ನ ಒದಗಿಸಲು ಅದು ಬೇಕು. ಆದರೆ ಪ್ರತಿ ಚೀಲವೂ ಬಹುಪಾಲು ಕಡಲಾಚೆಯಿಂದ ಬಂದ ಅನಿಲವನ್ನು ಅಳತೆಯ ಗಾಳಿಯಲ್ಲಿ ಅರೆ ಉರಿಸಿ ಉಳಿಸಿಕೊಂಡ ಶಕ್ತಿ ಎಂಬುದು ನೆನಪಿರಲಿ. ಮುಂದಿನ ಸಲ ಚೀಲದ ಬಾಯಿ ಬಿಚ್ಚುವಾಗ ಎಕರೆಗೆ ಎಷ್ಟು ಕೆ.ಜಿ. ಸಾರಜನಕ ಬೇಕೆಂದು ಒಮ್ಮೆ ಲೆಕ್ಕ ಹಾಕಿ, ಬೆರಳು ಬಿಗಿಹಿಡಿದು ಹಾಕಿರಿ. ಸಂದೇಹ ಬಂದಲ್ಲಿ ಹತ್ತಿರದ ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿರಿ.